ಅಕ್ಕನ ಕಿಟಕಿಯ ನರಿಗಳು

“ಇನ್ಮೇಲೆ ಮನುಷ್ಯರ ಫೋಟೋ ತೆಗೆಯೋದು ಬಂದ್!” ಎಂದು ಸ್ಟುಡಿಯೋ ಮಾಲೀಕರು ಘೋಷಿಸಿದಾಗ ಅವರ ಹೆಂಡತಿ ಕಂಪ್ಯೂಟರ್ ಮುಂದೆ ಕುಳಿತು ಯಾರದೋ ಮೂಗಿನ ಮೇಲಿನ ಮೊಡವೆ ಅಳಿಸುತ್ತಿದ್ದರು. ತಲೆ ಕೂಡ ಎತ್ತಲಿಲ್ಲ.

“ಮತ್ತೆ ಯಾರದ್ದು ತೆಗೀತೀರಿ?”

“ಕಾಡುಮೃಗಗಳದ್ದು!”

“ಒಳ್ಳೇದಾಯ್ತು ಬಿಡಿ. ನಗಬೇಡಿ ಅಂತ ಅವುಗಳಿಗೆ ಹೇಳೋ ಕಷ್ಟ ಇಲ್ಲ.”

ಇಪ್ಪತ್ತೆರಡು ವರ್ಷಗಳಿಂದ ಮಾಲೀಕರು ಮಾಡಿದ್ದು ಪಾಸ್‌ಪೋರ್ಟ್ ಫೋಟೋದ ಕೆಲಸ ಒಂದೇ. ನೀಲಿ ಪರದೆಯ ಮುಂದೆ ಸ್ಟೂಲ್ ಹಾಕಿ ಜನರನ್ನು ಕೂರಿಸುವುದು, “ಗಲ್ಲ ಸ್ವಲ್ಪ ಮೇಲೆ, ಕಣ್ಣು ಮಿಟುಕಿಸಬೇಡಿ, ನಗಬೇಡಿ” ಎನ್ನುವುದು. ಊರಿನ ಅರ್ಧ ಜನ ಅವರ ಮಾತು ಕೇಳಿ ಮುಖ ಗಂಟಿಕ್ಕಿಕೊಂಡವರೇ! ಆದರೆ ಹೋದ ವಾರ ಛಾಯಾಗ್ರಾಹಕರ ಸಂಘದ ಸಭೆಯಲ್ಲಿ ಎದುರು ಬೀದಿಯ ಮದುವೆ ಫೋಟೋದವನು ಒಂದು ಮಿಂಚುಳ್ಳಿಯ ಚಿತ್ರ ತೋರಿಸಿದ್ದ. ಎಲ್ಲರೂ “ಆಹಾ” ಎಂದಿದ್ದರು. ಆ “ಆಹಾ” ಮಾಲೀಕರ ಹೊಟ್ಟೆಯೊಳಗೆ ಇನ್ನೂ ಉರಿಯುತ್ತಿತ್ತು. ಮುಂದಿನ ತಿಂಗಳು ಸಂಘದ ಪ್ರದರ್ಶನ ಬೇರೆ ಇತ್ತು.

“ಹುಲಿ, ಸಿಂಹ ಯಾರು ಬೇಕಾದ್ರೂ ತೆಗೀತಾರೆ ಕಣೇ. ಮಂಚದಷ್ಟು ದೊಡ್ಡ ಪ್ರಾಣಿ, ಗುರಿ ತಪ್ಪೋದಾದ್ರೂ ಹೇಗೆ? ಪುಟಾಣಿ ಬೇಟೆಗಾರರು ಇದಾವಲ್ಲ, ನರಿ, ಕಾಡುಬೆಕ್ಕು... ಅವುಗಳನ್ನ ಹಿಡಿಯೋದ್ರಲ್ಲಿದೆ ಕಲೆ!”

ಪುಟಾಣಿ ಬೇಟೆಗಾರರು ಎಲ್ಲಿ ಸಿಗುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಊರಾಚೆ ಹೊಲಗಳ ನಡುವೆ ಹೂಗಿಡಗಳ ನರ್ಸರಿ ನಡೆಸುತ್ತಿದ್ದ ಅವರ ಅಕ್ಕನಿಗೆ ಎರಡು ತಿಂಗಳ ಹಿಂದೆ ಮೊಣಕಾಲಿನ ಆಪರೇಷನ್ ಆಗಿತ್ತು. ಡಾಕ್ಟರು ನಡೆಯಿರಿ ಎಂದರೂ ಆಕೆ ಹಾಸಿಗೆ ಬಿಟ್ಟು ಕದಲಿರಲಿಲ್ಲ. ಒಂದು ಬೆಳಿಗ್ಗೆ ಹೇಗೋ ಅಡುಗೆಮನೆಯ ಕಿಟಕಿಯವರೆಗೆ ಹೋದವಳಿಗೆ, ಹಿತ್ತಿಲ ಬೇಲಿಯಾಚೆಯ ಮಣ್ಣುದಿಬ್ಬದಲ್ಲಿ ನಾಲ್ಕು ನರಿಮರಿಗಳು ಒಂದರ ಬಾಲ ಒಂದು ಕಚ್ಚುತ್ತಾ ಉರುಳಾಡುತ್ತಿದ್ದದ್ದು ಕಂಡಿತ್ತು. ಅಂದಿನಿಂದ ದಿನವೂ ವಾಕರ್ ಹಿಡಿದು, ಹಾಸಿಗೆಯಿಂದ ಕಿಟಕಿಗೆ ಇಪ್ಪತ್ತಾರು ಹೆಜ್ಜೆ. ಡಾಕ್ಟರ ಕೈಲಿ ಆಗದ್ದನ್ನು ಮರಿಗಳು ಮಾಡಿದ್ದವು. ಆ ಸಂತೋಷದಲ್ಲಿ ಆಕೆ ಮಾಡಿದ ಒಂದೇ ಒಂದು ತಪ್ಪೆಂದರೆ ತಮ್ಮನಿಗೆ ಫೋನ್ ಮಾಡಿ ಹೇಳಿದ್ದು!

“ಬರೋದಾದ್ರೆ ಬಾ. ಆದ್ರೆ ಕಿಟಕಿಯಿಂದ್ಲೇ ತೆಗೀಬೇಕು. ಹಿತ್ತಿಲಿಗೆ ಒಂದು ಹೆಜ್ಜೆನೂ ಇಡಬಾರ್ದು. ಆ ತಾಯಿ ಬಹಳ ಸೂಕ್ಷ್ಮ ಕಣೋ.”

“ನಿನ್ನಾಣೆಗೂ ಇಡಲ್ಲಕ್ಕ!”

ಗಂಡ ಹೆಂಡತಿ ಇಬ್ಬರೂ ಹೋದರು. ಮೊದಲ ದಿನ ಮಾಲೀಕರು ಮಾತಿಗೆ ತಪ್ಪದೆ ಕಿಟಕಿಗೇ ಅಂಟಿಕೊಂಡರು. ಕಿಟಕಿಗೆ ಸೊಳ್ಳೆಯ ಜಾಲರಿ, ಜಾಲರಿಗೆ ಒಗ್ಗರಣೆಯ ಜಿಡ್ಡು. ಇನ್ನೂರು ಚಿತ್ರ ತೆಗೆದರು. ಇನ್ನೂರರಲ್ಲೂ ಕಡಲೆಕಾಳಿನಷ್ಟು ನರಿಗಳು.

“ಎಷ್ಟು ಮುದ್ದಾಗಿದಾವೆ ಅಲ್ವೇನೋ?” ಎಂದಳು ಅಕ್ಕ.

“ಮುಖವೇ ಕಾಣ್ತಿಲ್ಲ!” ಎಂದರು ಮಾಲೀಕರು. ಪಾಸ್‌ಪೋರ್ಟ್ ಫೋಟೋದವರಿಗೆ ಎರಡು ಕಿವಿಯೂ ಕಾಣದಿದ್ದರೆ ಉಸಿರು ಕಟ್ಟುತ್ತದೆ.

ಮರುದಿನ ಬೆಳಿಗ್ಗೆ ಅಕ್ಕನಿಗೆ ವ್ಯಾಯಾಮ ಮಾಡಿಸುವ ನರ್ಸ್ ಬಂದರು. ಕೋಣೆಯ ಬಾಗಿಲು ಮುಚ್ಚಿತು. ಅರ್ಧ ಗಂಟೆ! ಮಾಲೀಕರು ಹಜಾರದ ಹಸಿರು ಪರದೆಯನ್ನು ಕಳಚಿ ಮೈತುಂಬ ಹೊದ್ದುಕೊಂಡರು. ಪರದೆಯ ಮೇಲೆ ತಟ್ಟೆಯಗಲದ ಸೂರ್ಯಕಾಂತಿ ಹೂಗಳಿದ್ದವು.

“ರೀ, ಆಣೆ ಇಟ್ಟಿದೀರಿ,” ಎಂದರು ಹೆಂಡತಿ.

“ಹೆಜ್ಜೆ ಇಡಲ್ಲ ಅಂತ ಆಣೆ ಇಟ್ಟಿದ್ದು. ನಾನು ತೆವಳ್ಕೊಂಡು ಹೋಗ್ತೀನಿ!”

ಹೀಗೆ ಒಂದು ಹೂದೋಟವೇ ಹಿತ್ತಿಲಲ್ಲಿ ಹೊಟ್ಟೆಯ ಮೇಲೆ ತೆವಳತೊಡಗಿತು. ಹತ್ತು ಮಾರು ಹೋಗುವಷ್ಟರಲ್ಲಿ ಕೆಂಪಿರುವೆಗಳು ಸ್ವಾಗತ ಕೋರಿದವು. ಇಪ್ಪತ್ತನೇ ಮಾರಿಗೆ ಗೊಬ್ಬರದ ಗುಂಡಿ. ಕ್ಯಾಮೆರಾವನ್ನು ಎತ್ತಿ ಹಿಡಿದು, ಉಳಿದ ದೇಹವನ್ನು ಗುಂಡಿಗೆ ಒಪ್ಪಿಸಿದರು. ಮನುಷ್ಯನ ವಾಸನೆ ಮುಚ್ಚಿತಲ್ಲ, ಒಳ್ಳೆಯದೇ ಆಯಿತು ಎಂದು ಸಮಾಧಾನ ಮಾಡಿಕೊಂಡು ಬೇಲಿಯಡಿ ನುಸುಳಿ ನೋಡುತ್ತಾರೆ, ಆರಡಿ ದೂರದಲ್ಲಿ ಒಂದು ಮರಿ! ಎಳೆಬಿಸಿಲಿಗೆ ಮುಖವೊಡ್ಡಿ ಕುಳಿತು ಆಕಳಿಸುತ್ತಿದೆ. ಎಂಥ ಕಿವಿ! ಎಂಥ ಮೂತಿ! ಆದರೆ ತಲೆ ಒಂದಿಷ್ಟು ಬಗ್ಗಿತ್ತು.

ಇಪ್ಪತ್ತೆರಡು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ?

“ಗಲ್ಲ ಸ್ವಲ್ಪ ಮೇಲೆ!” ಎಂದುಬಿಟ್ಟರು, ಗಟ್ಟಿಯಾಗಿ.

ಮರಿ ಮಾಯ. ನಾಲ್ಕೂ ಬಿಲದೊಳಗೆ. ಇಲಿ ಕಚ್ಚಿಕೊಂಡು ಆಗಷ್ಟೇ ಬಂದ ತಾಯಿನರಿ ದಿಬ್ಬದ ಮೇಲೆ ನಿಂತು, ಗೊಬ್ಬರ ಮೆತ್ತಿಕೊಂಡು ಉಬ್ಬಸಪಡುತ್ತಿದ್ದ ಸೂರ್ಯಕಾಂತಿಗಳನ್ನು ನೋಡಿತು. ಇಲಿಯನ್ನು ಕೆಳಗೆ ಹಾಕಿತು. ಬಿಲದೊಳಗೆ ನುಗ್ಗಿ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಬಂತು. ಕ್ಲಿಕ್! ಹೊಲ ದಾಟಿ ಹೋಗಿ, ಮತ್ತೆ ಬಂತು. ಎರಡನೆಯದು. ಕ್ಲಿಕ್! ಮೂರನೆಯದನ್ನು ಒಯ್ಯುವಾಗ ಒಂದು ಕ್ಷಣ ನಿಂತು ನೇರವಾಗಿ ಕ್ಯಾಮೆರಾ ಕಡೆಗೇ ನೋಡಿತು. ಎರಡೂ ಕಿವಿ ಕಾಣುವ ಹಾಗೆ! ಮಾಲೀಕರ ಕಣ್ಣಲ್ಲಿ ನೀರು ಬಂತು. ನಾಲ್ಕನೆಯದರ ಚಿತ್ರವನ್ನೂ ತೆಗೆದು, ಪರದೆ ಎಳೆದಾಡಿಕೊಂಡು ಅಡುಗೆಮನೆಗೆ ಓಡಿಬಂದರು.

“ಅಕ್ಕಾ! ತಾಯಿ ಮರಿನ ಬಾಯಲ್ಲಿ ಎತ್ಕೊಂಡು ಹೋಗೋ ಫೋಟೋ! ಯಾರಿಗೂ ಸಿಗಲ್ಲ ಇಂಥದ್ದು!”

ಅಕ್ಕ ವಾಕರ್ ಹಿಡಿದು ಕಿಟಕಿಯ ಹತ್ತಿರವೇ ನಿಂತಿದ್ದಳು. ಪರದೆಯ ಬಗ್ಗೆ ಕೇಳಲಿಲ್ಲ. ವಾಸನೆಗೆ ಮೂಗನ್ನೂ ಮುಚ್ಚಲಿಲ್ಲ.

“ಎಷ್ಟು ಮರಿ ಎತ್ಕೊಂಡು ಹೋಯ್ತು?”

“ನಾಲ್ಕೂ!”

“ವಾಪಸ್ ಕರ್ಕೊಂಡು ಬಂತಾ?”

ಮಾಲೀಕರು ಕಿಟಕಿಯಿಂದ ದಿಬ್ಬದ ಕಡೆ ಇಣುಕಿದರು.

“ಮನೆ ಖಾಲಿ ಮಾಡ್ತು ಕಣೋ,” ಎಂದಳು ಅಕ್ಕ. “ನೀನು ಫೋಟೋ ತೆಗೀತಿದ್ದೆ. ಅದು ಮನೆ ಖಾಲಿ ಮಾಡ್ತಿತ್ತು.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಿಕ್ಕವರಿದ್ದಾಗ ಇಂಥ ತಪ್ಪಿಗೆ ಅಕ್ಕ ಕಿವಿ ಹಿಂಡುತ್ತಿದ್ದಳು. ಈಗ ಸುಮ್ಮನೆ ತಿರುಗಿ ಕೋಣೆಗೆ ಹೋದಳು. ಮಾಲೀಕರು ಮೂರು ದಿನ ಅದೇ ಕಿಟಕಿಯಲ್ಲಿ ಕಣ್ಣಿಟ್ಟು ಕುಳಿತರು. ಇಲಿಯನ್ನು ಕಾಗೆ ಒಯ್ದಿತು. ಬಿಲದ ಬಾಯಿಗೆ ಜೇಡ ಬಲೆ ಕಟ್ಟಿತು. ಅಕ್ಕ ಮಂಚದಿಂದ ಇಳಿಯಲಿಲ್ಲ. ಕಾಫಿಯನ್ನು ಗೋಡೆಯ ಕಡೆಗೆ ತಿರುಗಿ ಕುಡಿದಳು.

“ಆ ಫೋಟೋ ಪ್ರದರ್ಶನಕ್ಕೆ ಕಳಿಸ್ತೀರಾ?” ಎಂದು ಊರಿಗೆ ಮರಳಿದ ಮೇಲೆ ಹೆಂಡತಿ ಕೇಳಿದರು.

“ಛೇ! ನನಗೇನು ಮನಸ್ಸಾಕ್ಷಿ ಇಲ್ವಾ?”

ಮನಸ್ಸಾಕ್ಷಿ ಎರಡು ದಿನ ತಡೆಯಿತು. ಮೂರನೇ ದಿನ ಕಳಿಸಿದರು.

ಮೊದಲ ಬಹುಮಾನ! ದೊಡ್ಡ ಚೌಕಟ್ಟಿನಲ್ಲಿ ಮೂರನೇ ಮರಿಯನ್ನು ಕಚ್ಚಿಕೊಂಡ ತಾಯಿ, ಕೆಳಗೆ ಸಂಘದವರೇ ಬರೆಸಿದ ಶೀರ್ಷಿಕೆ, ‘ತಾಯಿಯ ಮಡಿಲು’. ಮದುವೆ ಫೋಟೋದವನೇ ಎದ್ದು ನಿಂತು “ಆಹಾ” ಎಂದ. ಆ “ಆಹಾ” ಯಾಕೋ ಸಿಹಿಯಾಗಲಿಲ್ಲ. ಅಧ್ಯಕ್ಷರು ಮೈಕ್ ಕೊಟ್ಟರು. “ಇಂಥ ಕ್ಷಣ ಹೇಗೆ ಸಿಕ್ತು ಅಂತ ನಾಲ್ಕು ಮಾತು ಹೇಳಿ ಸಾರ್!”

ಪ್ರಕೃತಿ, ತಪಸ್ಸು, ತಾಳ್ಮೆ ಎಂದೆಲ್ಲ ಬರೆದುಕೊಂಡ ಚೀಟಿ ಜೇಬಿನಲ್ಲಿತ್ತು. ತೆಗೆಯುವಷ್ಟರಲ್ಲಿ ಬಾಗಿಲ ಬಳಿ ಹೆಂಡತಿ ಕಂಡರು, ಪಕ್ಕದಲ್ಲಿ ವಾಕರ್ ಹಿಡಿದ ಅಕ್ಕ. ಆಪರೇಷನ್ ಆದ ಮೇಲೆ ಮೊದಲ ಬಾರಿ ಮನೆಯಿಂದ ಹೊರಬಂದಿದ್ದಳು. ಚೀಟಿ ಜೇಬಿನಲ್ಲೇ ಉಳಿಯಿತು.

“ಸಿಗ್ಲಿಲ್ಲ ಸ್ವಾಮಿ,” ಎಂದರು ಮಾಲೀಕರು. “ನಾನೇ ಹೆದರಿಸಿ ಓಡಿಸಿದ್ದು. ಮಡಿಲೂ ಅಲ್ಲ, ಮಣ್ಣೂ ಅಲ್ಲ. ನನ್ನ ಕಾಟ ತಡೀಲಾರದೆ ಓಡಿ ಹೋಗ್ತಿದೆ ಅದು.”

ಮರುಕ್ಷಣ ನಗು, ಚಪ್ಪಾಳೆ! “ದೊಡ್ಡವರ ವಿನಯ ನೋಡಿ!” ಎಂದು ಅಧ್ಯಕ್ಷರು ಶಾಲು ಹೊದಿಸಿಯೇ ಬಿಟ್ಟರು. “ನಿಜವಾಗ್ಲೂ ಸಾರ್...” ಎಂದಷ್ಟೂ ಚಪ್ಪಾಳೆ ಜೋರಾಯಿತು.

ಶಾಲನ್ನು ಮುದ್ದೆ ಮಾಡಿಕೊಂಡು ಕೆಳಗಿಳಿದಾಗ ಅಕ್ಕ ಚಿತ್ರದ ಮುಂದೆ ನಿಂತಿದ್ದಳು. ಬಹಳ ಹೊತ್ತು ನೋಡಿದಳು.

“ಅಕ್ಕಾ, ತಪ್ಪಾಯ್ತು.”

“ಮುಖ ಇಷ್ಟು ಚೆನ್ನಾಗಿ ನನಗೆ ಯಾವತ್ತೂ ಕಂಡಿರ್ಲಿಲ್ಲ,” ಎಂದಳು ಅಕ್ಕ. “ಫೋಟೋ ಒಳ್ಳೇದಿದೆ ಕಣೋ. ಇದರದ್ದೇ ಒಂದು ದೊಡ್ಡ ಕಾಪಿ ಮಾಡಿಕೊಡು.”

ಮಾಲೀಕರಿಗೆ ಹೋದ ಜೀವ ಬಂದಂತಾಯಿತು. “ಎಷ್ಟು ದೊಡ್ಡದು ಬೇಕಕ್ಕ? ಹೇಳು!”

“ಅಡುಗೆಮನೆ ಕಿಟಕಿ ಅಳತೆಗೆ ಮಾಡು. ಹೊರಗಡೆಯಿಂದ ಅಂಟಿಸಿ ಹೋಗು. ನನಗೆ ದಿನಾ ಇಪ್ಪತ್ತಾರು ಹೆಜ್ಜೆ ನಡೀಬೇಕು ನೋಡು.”