ಮೇವಿನ ಸಭೆಯಲ್ಲಿ ನನ್ನ ಬಾಯಿ

ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲಲು ಈ ವಯಸ್ಸಿಗೂ ನನಗೆ ಕೈ ಬರುವುದಿಲ್ಲ. ಹಸುವಿಲ್ಲದ ಮನೆಯಲ್ಲಿ ಕಲಗಚ್ಚಿನ ಬಕೆಟ್ಟು ಇಟ್ಟುಕೊಂಡವಳು ಯಲಹಂಕದ ನಮ್ಮ ಬಡಾವಣೆಯಲ್ಲಿ ನಾನೊಬ್ಬಳೇ ಇರಬೇಕು. ಪುಣ್ಯಕ್ಕೆ, ರಾಜಾನುಕುಂಟೆಯ ಆಚೆಯಿಂದ ಹಾಲು ತರುವ ಮುನಿತಾಯಮ್ಮ ಅದನ್ನು ತನ್ನ ಹಸು ಗೌರಿಗೆ ಒಯ್ಯುತ್ತಾಳೆ.

ಅವತ್ತು ನಾನು ಅಕ್ಕಿಯನ್ನು ಎರಡನೇ ಸಲ ತೊಳೆಯುತ್ತಿದ್ದೆ. ಅವಳು ಬಾಗಿಲಲ್ಲೇ ನಿಂತು, "ಅಮ್ಮೋ, ಫಾರೆಸ್ಟ್‌ನೋರು ಕಾಡಿಗೆ ದನ ಬಿಡ್ಬೇಕೋ ಬ್ಯಾಡ್ವೋ ಅಂತ ಕೇಳಕ್ಕೆ ಸಲಹಾ ಸಮಿತಿ ಮಾಡವ್ರೆ. ನಾಳೆ ಸಭೆ. ನೀವು ಅಸ ಮೇಯ್ಸಿದೋರು, ಓದ್ದೋರು. ನಮ್ ಪರ ಎರಡು ಮಾತಾಡ್ಬನ್ನಿ. ಕಾಡು ಮುಚ್ಬಿಟ್ರೆ ಗೌರೀನ ಮಾರ್ಬೇಕಾಯ್ತದೆ" ಅಂದಳು.

ಮೇಯಿಸಿದ್ದು ನಿಜ. ಬಾಗಲೂರಿನ ತವರಿನಲ್ಲಿ ನಮ್ಮ ಹಸು ಲಕ್ಷ್ಮಿಯ ಹಿಂದೆ ನೀಲಗಿರಿ ತೋಪೆಲ್ಲ ಅಲೆದವಳು ನಾನು. ಅವಳ ಕೊರಳಡಿ ಜೋಲುವ ಗಂಗೆದೊಗಲಿನ ಬಿಸಿ ಇವತ್ತಿಗೂ ಅಂಗೈಯಲ್ಲಿದೆ. ತೋಪು ಮಾತ್ರ ಸೈಟುಗಳಾಗಿದೆ. ಮರುದಿನ ದೇವರಿಗೆ ತುಪ್ಪದ ದೀಪ ಹಚ್ಚಿ, ಒಳ್ಳೆ ಸೀರೆಯುಟ್ಟು ಹೊರಟೆ. "ಎರಡು ಮಾತು ಅಂದ್ರೆ ಎರಡೇ ಮಾತು ಕಣೇ, ಭಜನಾ ಮಂಡಳಿ ಅಲ್ಲ ಅದು" ಎಂದರು ಯಜಮಾನರು.

ಮುನಿತಾಯಮ್ಮನ ಊರ ಶಾಲೆಯ ಜಗುಲಿಯಲ್ಲಿ ಸಭೆ. ಅರಣ್ಯದ ಸಾಹೇಬರು ಮರ್ಯಾದೆಯಿಂದ, "ಹೇಳಿ ಅಮ್ಮಾ, ನೀವೂ ಹಸು ಮೇಯಿಸಿದವರಂತೆ" ಅಂದರು. ಎಷ್ಟು ವರ್ಷವಾಗಿತ್ತು ಲಕ್ಷ್ಮಿಯ ಬಗ್ಗೆ ಯಾರಾದರೂ ಕೇಳಿ! ಅಭ್ಯಾಸ ಮಾಡಿಕೊಂಡು ಹೋದ ಎರಡು ಮಾತು ಎಲ್ಲಿ ಹಾರಿತೋ. "ಎಂಥಾ ಜಾಣೆ ಅಂತೀರಾ ಸಾರ್! ನೀವು ನೆಟ್ಟ ಸಸಿ ಎಲ್ಲಿದೆ ಅಂತ ಮೂಗಲ್ಲೇ ಕಂಡುಹಿಡಿಯೋಳು. ಬೇಲಿ ನುಗ್ಗಿ ಎಳೇ ಚಿಗುರೆಲ್ಲ ಖಾಲಿ ಮಾಡೋಳು. ಒಂದೂ ಬಿಡ್ತಿರ್ಲಿಲ್ಲ!" ಅಂದೆ, ಹೆಮ್ಮೆಯಿಂದ.

ಸಾಹೇಬರು ಅದೊಂದನ್ನೇ ಬರೆದುಕೊಂಡರು. ಮುನಿತಾಯಮ್ಮ ಸೆರಗು ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

ವಾರದ ಮೇಲೆ ತೀರ್ಮಾನ ಬಂತು: ಸಸಿ ನೆಟ್ಟ ಕಡೆಗೆ ಮೂರು ಮಳೆಗಾಲ ದನ ಬಿಡುವಂತಿಲ್ಲ, ಕೆರೆಯ ಪಕ್ಕದ ತುಂಡಿಗೆ ಬಿಡಬಹುದು. ಪೂರ್ತಿ ಮುಚ್ಚಲಿಲ್ಲವಲ್ಲ, ಅಷ್ಟಾದರೂ ಭಗವಂತ ಕಾಪಾಡಿದ.

"ಗೌರೀನ ಮಾರ್ತೀಯಾ?" ಎಂದು ಹಾಲು ತಂದ ಮುನಿತಾಯಮ್ಮನನ್ನು ಹೆದರುತ್ತಲೇ ಕೇಳಿದೆ.

"ಇಲ್ಲ ಬಿಡಿ. ಆದ್ರೆ ಅರ್ಧ ಒಟ್ಟೆ ಮೇವು. ಇನ್ನರ್ಧ ನೀವೇ ತುಂಬ್ಸಿ. ನಿಮ್ ಲಕ್ಷ್ಮಿ ತಿಂದಿದ್ಕೆ ನಮ್ ಗೌರಿ ಉಪಾಸ ಇರ್ಬೇಕಾ?"

ಒಳಗೆ ಹೋಗಿ, ಕಲಗಚ್ಚಿನ ಬಕೆಟ್ಟನ್ನು ಪಕ್ಕಕ್ಕೆ ಎಳೆದುಕೊಂಡು, ಸಾರಿಗೆ ಸೋರೆಕಾಯಿ ಹೆರೆಯಲು ಕೂತೆ. ಸಿಪ್ಪೆ ಸ್ವಲ್ಪ ದಪ್ಪವಾಗಿಯೇ ಬಂತು.