ಒಳಗಿನ ಬಸವ

ಭೀಮೇಶ ಮಾಡಿದ ತಪ್ಪು ಒಂದೇ. ಮಲ್ಲಾಬಾಯಿಯ ಮಾತು ಕೇಳಿದ.

ಶಹಾಪುರದ ಲಿಂಗಣ್ಣ ಸಾಹುಕಾರರ ಬೇಳೆ ಮಿಲ್ಲಿಗೆ ಹೊಸ ಮಷೀನು ಬಂದಿತ್ತು. ಅದನ್ನು ನಡೆಸುವ ಪ್ರೋಗ್ರಾಮು ಭೀಮೇಶನದು. ಬೆಲ್ಟು ತಿರುಗಿಸುವ ಕೆಲಸಕ್ಕೆ ಅವನು 'ಬಸವ' ಎಂದು ಹೆಸರಿಟ್ಟಿದ್ದ. ಗುಂಡಿ ಒತ್ತಿದರೆ ಪ್ರೋಗ್ರಾಮು ಆ ಹೆಸರು ಹಿಡಿದು ಕೂಗಬೇಕು, ಬೆಲ್ಟು ತಿರುಗಬೇಕು. ಸಾಹುಕಾರರ ತಾಯಿ ಮಲ್ಲಾಬಾಯಿಗೆ ಅಷ್ಟು ಸಾಲಲಿಲ್ಲ.

"ಹೊರಗಷ್ಟ ದೇವರ ಹೆಸರ ಇಟ್ರ ಹೆಂಗೋ ಕಂಪ್ಯೂಟರಾ? ಒಳಗೂ ಇಡು."

ಆಕೆ ಭೀಮೇಶನನ್ನು ಕರೆಯುತ್ತಿದ್ದುದೇ ಹಾಗೆ. ಭೀಮೇಶ ದೈವಭಕ್ತ, ಚೀಲ ಎಣಿಸುವ ಒಳಗಿನ ಲೆಕ್ಕಕ್ಕೂ 'ಬಸವ' ಎಂದೇ ಹೆಸರಿಟ್ಟ.

ಪೂಜೆಯ ದಿನ ಸಾಹುಕಾರರು ಯಂಕಣ್ಣ ಮಿಸ್ತ್ರಿಯ ಹತ್ತಿರ ಹೇಳಿದ್ದು ಭೀಮೇಶನ ಕಿವಿಗೆ ಬಿತ್ತು: "ಇವತ್ತ ಮಷೀನ ನಡದ್ರ ಭೀಮೇಶನ್ನ ಕಾಯಂ ಮಾಡ್ತೀನಿ." ಅವನಿಗೆ ಹೆಣ್ಣು ಕೊಡಬೇಕೆಂದಿದ್ದ ಬಳಿಚಕ್ರ ಊರಿನವರು, ಹುಡುಗನನ್ನೂ ನೌಕರಿಯನ್ನೂ ಒಮ್ಮೆಗೇ ನೋಡಲು ಅವತ್ತೇ ಬಂದು ಕುರ್ಚಿಯಲ್ಲಿ ಕೂತಿದ್ದರು.

ಕಾಯಿ ಒಡೆಯಿತು. ಭೀಮೇಶ ಗುಂಡಿ ಒತ್ತಿದ. ಪುರಾಣದಲ್ಲಾದರೆ ಕೂಗಿದ ಕೂಡಲೇ ದೇವರು ಓಡಿ ಬರುತ್ತಾನೆ. ಇಲ್ಲಿ ಪರದೆಯ ಮೇಲೆ ಸೊನ್ನೆ ಬಂತು. ಬೆಲ್ಟು ಊಟ ಮಾಡಿದ ಎಮ್ಮೆಯಂತೆ ಮಲಗಿತ್ತು.

"ಗ್ರೀಸ್ ಕಮ್ಮಿ ಆಗೈತ್ರಿ," ಎಂದು ಯಂಕಣ್ಣ ಡಬ್ಬಿ ಬರಿದು ಮಾಡಿದ. ಸೊನ್ನೆ.

"ದೃಷ್ಟಿ ಆಗೈತಿ," ಎಂದು ಮಲ್ಲಾಬಾಯಿ ಲಿಂಬೆಹಣ್ಣು ಇಳಿಸಿದಳು. ಸೊನ್ನೆ.

"ಮುತ್ತ್ಯಾ, ನೀ ಏನರ ನೋಡೋ!" ಎಂದಳು. ವಾರದ ಹಿಂದೆ ಸುರಪುರದಿಂದ ಬಂದು ಫ್ಯಾನಿನ ಕೆಳಗೆ ಬೇರು ಬಿಟ್ಟಿದ್ದ ಮೊಮ್ಮಗ ಅವನು, ಸಾಹುಕಾರರ ಅಕ್ಕನ ಮಗ. ಮಿಲ್ಲಿನವರೂ ಅವನನ್ನು ಮುತ್ತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದರು. ಮುತ್ತ್ಯಾ ನೋಡಿದ. ಮತ್ತೆ ಕೂತ.

ಆಗ ಭೀಮೇಶನಿಗೆ ಹೊಳೆಯಿತು.

"ಸಾಹುಕಾರ್ರ, ಇಬ್ಬರು ಬಸವ ಆಗ್ಯಾರ್ರಿ! ಒಳಗ ಅದ ಹೆಸರಿನಾಂವ ಕುಂತಿದ್ರ, ಕೂಗು ಹೊರಗಿನಾಂವಗ ಮುಟ್ಟಂಗಿಲ್ರಿ. ಒಳಗಿನ ಲೆಕ್ಕ ಸೊನ್ನಿ ಐತಿ, ಅದ ಓ ಅನ್ನಾಕತ್ತೈತಿ."

ಒಳಗಿನ ಬಸವನನ್ನು ಅಳಿಸಿ 'ಚೀಲ' ಎಂದು ಬರೆದ. ಬೆಲ್ಟು ಗುಡುಗುಡು ತಿರುಗಿ ಬೇಳೆ ಸುರಿಯಿತು. ಮಂದಿ ಚಪ್ಪಾಳೆ ತಟ್ಟಿದರು.

"ದೇವರನ್ನ ತಗದು ಚೀಲ ಇಟ್ಟೇನೋ?" ಎಂದಳು ಮಲ್ಲಾಬಾಯಿ.

ಸಾಹುಕಾರರು ಹಾರ ಹಿಡಿದು ನಿಂತರು. "ಭೀಮೇಶ, ಬಾರಪಾ ಮುಂದ! ಇವತ್ತಿಂದ ಈ ಮಷೀನ ನಿಂದ, ನೌಕರಿ ಕಾಯಂ!"

ಭೀಮೇಶ ಕಾಲರು ಸರಿಮಾಡಿಕೊಂಡು ಮುಂದೆ ಬಂದು ಕೊರಳು ಬಾಗಿಸಿದ. ಫ್ಯಾನಿನ ಕೆಳಗಿನಿಂದ ಮುತ್ತ್ಯಾನೂ ಎದ್ದು ಬಂದು ಬಾಗಿದ. ಹಾರ ಮುತ್ತ್ಯಾನ ಕೊರಳಿಗೆ ಬಿತ್ತು.

"ಸಾಹುಕಾರ್ರ, ಭೀಮೇಶ ನಾನ್ರಿ!"

"ಇಂವನೂ ಭೀಮೇಶನ ಅಪಾ. ನಮ್ಮಪ್ಪನ ಹೆಸರ ಇಟ್ಟೇವಿ. ಗಂಡನ ಹೆಸರ ಹಿಡೀಬಾರದಂತ ನಮ್ಮವ್ವ ಮುತ್ತ್ಯಾ ಅಂತಾಳ, ನಿನಗ ಕಂಪ್ಯೂಟರ ಅಂತಾಳ."

"ಮಷೀನ ನಡಿಸಿದಾಂವ ನಾನಲ್ರೀ?"

ಸಾಹುಕಾರರು ಅವನ ಹೆಗಲ ಮೇಲೆ ಕೈಯಿಟ್ಟರು. "ನೀನ ಈಗ ಹೇಳಿದೆಲ್ಲೋ ತಮ್ಮಾ, ಒಳಗ ಅದ ಹೆಸರಿನಾಂವ ಇದ್ರ ಕೂಗು ಹೊರಗಿನಾಂವಗ ಮುಟ್ಟಂಗಿಲ್ಲ ಅಂತ. ಭಾಳ ಶಾಣ್ಯಾ ಇದ್ದಿ."

ಬಳಿಚಕ್ರದ ಹಿರಿಯರು ತಮ್ಮ ತಮ್ಮಲ್ಲಿ ಮಾತಾಡಿಕೊಂಡರು. "ಹೆಸರ ಭೀಮೇಶ, ನೌಕರಿ ಕಾಯಂ. ಹೇಳಿದಂಗ ಐತಿ ನೋಡ್ರಿ." ಕುರ್ಚಿ ಎಳೆದುಕೊಂಡು ಮುತ್ತ್ಯಾನ ಸುತ್ತ ಕೂತರು.

"ಕಂಪ್ಯೂಟರಾ," ಎಂದಳು ಮಲ್ಲಾಬಾಯಿ, "ಬೀಗರಿಗೆ ಚಹಾ ತಗೊಂಡ ಬಾ."