ನಾಲ್ಕನೆಯ ಮಾನಿಟರ್ ಕಪ್ಪಾಗುತ್ತಿರುವ ಕುರಿತು

ಸಂಖ್ಯೆ: ಹ.ನಿ.ಇ/ಮಾನಿ-4/ಕಪ್ಪು/17
ಹಡಗು ನಿಗಾ ಕಚೇರಿ, ಬಂದರು ರಸ್ತೆ, ಟೋಂಗಾ
ದಿನಾಂಕ: ಮಂಗಳವಾರ, ಬೆಳಗಿನ ಚಹಾದ ನಂತರ

ಸುತ್ತೋಲೆ

ವಿಷಯ: ಎರಡು ಗ್ರಾಫಿಕ್ಸ್ ಕಾರ್ಡ್ ಹಾಗೂ ನಾಲ್ಕು ಮಾನಿಟರ್ ಹೊಂದಿರುವ ಕಚೇರಿಯ ಏಕೈಕ ಕಂಪ್ಯೂಟರಿನ ದೋಷ ಪತ್ತೆಗೆ ಅನುಸರಿಸಬೇಕಾದ ಕ್ರಮಗಳು.

ಉಲ್ಲೇಖ: 1) ನಾಲ್ಕನೆಯ ಮಾನಿಟರ್ ಕಪ್ಪಾಗಿದ್ದರಿಂದ ಚರ್ಚಿನ ಗಾಯಕರಿದ್ದ ಹಡಗು ಬಂದದ್ದೇ ತಿಳಿಯದೆ, ಸದರಿ ಗಾಯಕರು ಕಟ್ಟೆಯ ಮೇಲೆ ಎರಡು ಗಂಟೆ ಕಾಲ ಬರಮಾಡಿಕೊಳ್ಳುವವರಿಲ್ಲದೆ ಹಾಡಿದ ಬಗ್ಗೆ ಬಂದ ದೂರು.
2) ಕುಮಾರಿ ಲೋಸಲಿನೆ, ನಿಗಾ ಸಹಾಯಕಿ (ಪರೀಕ್ಷಾರ್ಥ), ಇವರಿಗೆ ನೀಡಿದ ಕಾರಣ ಕೇಳುವ ನೋಟೀಸು.

ಪ್ರಸ್ತಾವನೆ: ನಮ್ಮಲ್ಲಿ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಒಂದೇ ಪರದೆ ನೋಡುವುದು ಮರ್ಯಾದೆಯಲ್ಲ. ಸದರಿ ಲೋಸಲಿನೆಯವರೂ ನಿಗಾ ಅಧಿಕಾರಿ ಶ್ರೀ ಸಿಯೋಸಿಫಾ ಅವರೂ ಒಡಹುಟ್ಟಿದ ಅಣ್ಣ ತಂಗಿಯಾಗಿರುತ್ತಾರೆ. ನಿರ್ದೇಶಕರಾದ ಶ್ರೀ ವಿಲಿಸೋನಿಯವರು ಇಬ್ಬರಿಗೂ ದೊಡ್ಡಪ್ಪನ ಮಗನಾದ್ದರಿಂದ ಅವರೂ ಅಣ್ಣನೇ. ಆದಕಾರಣ ಕಂಪ್ಯೂಟರನ್ನೂ ಮೊದಲನೆಯ (ನಿರ್ದೇಶಕರದು) ಮತ್ತು ಎರಡನೆಯ ಮಾನಿಟರುಗಳನ್ನೂ ಗಂಡಸರ ಕೋಣೆಯಲ್ಲಿ ಇರಿಸಿ, ಮೂರು ಮತ್ತು ನಾಲ್ಕನ್ನು ಹೊಸದಾಗಿ ಕೊಂಡ ಎರಡನೆಯ ಕಾರ್ಡಿಗೆ ಜೋಡಿಸಿ, ನಡುಹಾದಿಯ ಆಚೆಗಿನ ಕೋಣೆಯಲ್ಲಿ ಲೋಸಲಿನೆಯವರ ಮುಂದೆ ಇಡಲಾಗಿದೆ. ಮೂರನೆಯದರ ಕೇಬಲ್ ನೆಲಹಾಸಿನ ಕೆಳಗೆ ಹೋಗಿದೆ. ನಾಲ್ಕನೆಯದು ಗಿಡ್ಡವಾದ್ದರಿಂದ ನಡುಹಾದಿಯಲ್ಲಿ ಎದೆಯೆತ್ತರಕ್ಕೆ ಬಿಗಿಯಾಗಿ ಎಳೆದು ಕಟ್ಟಲಾಗಿದೆ.

ಶುಕ್ರವಾರದೊಳಗೆ ಸದರಿ ಮಾನಿಟರ್ ಇನ್ನೊಮ್ಮೆ ಕಪ್ಪಾದಲ್ಲಿ ಲೋಸಲಿನೆಯವರ ನೇಮಕವನ್ನು ಖಾಯಂ ಮಾಡದೆ, ತಿಂಗಳಿಗೊಂದು ದೋಣಿ ಬರುವ ಹೊರದ್ವೀಪದ ಟಿಕೆಟ್ ಕಿಟಕಿಗೆ ಕಳುಹಿಸಲಾಗುವುದು. ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ.

1. ಮಾನಿಟರ್ ಕಪ್ಪಾದ ಕೂಡಲೇ ಅದರ ಗುಂಡಿಯನ್ನು ಒತ್ತಿ ನೋಡತಕ್ಕದ್ದು. ಯಾವ ಬೆರಳಿನಿಂದ ಒತ್ತಲಾಯಿತೆಂಬುದನ್ನು, ಕಪ್ಪಾದ ವೇಳೆಗಳನ್ನು ಬರೆದಿಡುವ ಕಪ್ಪು ವಹಿಯಲ್ಲಿ ನಮೂದಿಸತಕ್ಕದ್ದು.

2. ತದನಂತರ ಮೂರನೆಯ ಮತ್ತು ನಾಲ್ಕನೆಯ ಮಾನಿಟರುಗಳ ಕೇಬಲುಗಳನ್ನು ಅದಲುಬದಲು ಮಾಡತಕ್ಕದ್ದು. ಕಪ್ಪು ಮೂರನೆಯದಕ್ಕೆ ಹೋದಲ್ಲಿ, ವರ್ಗಾವಣೆ ಆದೇಶ ಹೊರಡುವವರೆಗೆ ಅದು ನಾಲ್ಕನೆಯದರಲ್ಲಿಯೇ ಇದೆ ಎಂದು ಭಾವಿಸತಕ್ಕದ್ದು.

3. ಒಂದು ಕಾರ್ಡನ್ನು ತೆಗೆದು ಇನ್ನೊಂದರಿಂದ ಮಾತ್ರ ಕಂಪ್ಯೂಟರ್ ನಡೆಸಿ ನೋಡಬಹುದು. ಆದರೆ ಹಳೆಯ ಕಾರ್ಡ್ ಸೇವೆಯಲ್ಲಿ ಹಿರಿಯದು. ಹೊಸ ಕಾರ್ಡ್ ಎಷ್ಟೇ ದಪ್ಪವಿದ್ದರೂ ಅದನ್ನು ಮೇಲಿನ ಸ್ಲಾಟಿನಲ್ಲಿ ಕೂರಿಸತಕ್ಕದ್ದಲ್ಲ. ಕಳೆದ ತಿಂಗಳು ಕಂಪ್ಯೂಟರ್ ಹೊಸ ಕಾರ್ಡನ್ನು ಮಾತ್ರ ಗುರುತಿಸಿ ಹಳೆಯದನ್ನು ಕಂಡೂ ಕಾಣದಂತೆ ನಡೆದುಕೊಂಡಿದ್ದನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ.

4. ಕಂಪ್ಯೂಟರಿನ ಹಿಂಭಾಗವನ್ನು ನೋಡಲು ಬಗ್ಗಬೇಕಾಗುತ್ತದೆ. ನಮ್ಮ ಗೌರವದ ಉಡುಪಿನಂತೆ ಸೊಂಟಕ್ಕೆ ಚಾಪೆ ಸುತ್ತಿಕೊಂಡಿದ್ದರೆ ಬಗ್ಗಲಾಗದು. ಚಾಪೆ ಬಿಚ್ಚಿದರೆ ಕಚೇರಿಗೆ ಅಗೌರವ. ಆದ್ದರಿಂದ ಹಿಂಭಾಗವನ್ನು ಮುಂಭಾಗದಿಂದಲೇ ಪರಿಶೀಲಿಸಲಾಗಿದ್ದು, ತೃಪ್ತಿಕರವಾಗಿದೆ.

5. ಮೌಸಿನ ಬಾಣವು ಎರಡನೆಯ ಪರದೆಯಿಂದ ಮೂರನೆಯದಕ್ಕೆ ದಾಟುವುದೆಂದರೆ ತಂಗಿಯ ಕೋಣೆಯನ್ನು ಹೊಕ್ಕಂತೆ. ಆದ್ದರಿಂದ ಬಾಣವು ಅಂಚಿನಲ್ಲಿ ನಿಂತು ಕೆಮ್ಮತಕ್ಕದ್ದು. ಬಾಣಕ್ಕೆ ಕೆಮ್ಮಲು ಬಾರದಿರುವುದು ಗಮನಕ್ಕೆ ಬಂದಿರುವುದರಿಂದ, ಅದರ ಪರವಾಗಿ ಶ್ರೀ ಸಿಯೋಸಿಫಾ ಕೆಮ್ಮತಕ್ಕದ್ದು.

6. ದೋಷ ಪತ್ತೆಯ ಸಮಯದಲ್ಲಿ ಅಣ್ಣ ತಂಗಿ ಕೂಗಾಡುವುದು ಸಲ್ಲ. ಕೇಬಲ್ ಒತ್ತಿದ್ದು ಈಚೆ, ಫಲ ಕಾಣುವುದು ಆಚೆ; ಈ ನಡುವಿನ ಸಂದೇಶಗಳನ್ನು ಚಹಾ ಮಾಡುವ ಹಾಗೂ ಕಸ ಗುಡಿಸುವ ಶ್ರೀಮತಿ ಮೆಲೆನೈತೆಯವರು ನಡುಹಾದಿಯಲ್ಲಿ ನಿಂತು ತಲುಪಿಸುತ್ತಾರೆ. ಮಾದರಿ: "ಲೋ ಸಿಯೋಸಿಫಾ, ಇನ್ನೂ ಕಪ್ಪಗೇ ಇದೆಯಂತೆ ಕಣೋ. ಅನ್ನ ಉಂಡಿಲ್ವಾ? ಗಟ್ಟಿಯಾಗಿ ಒತ್ತು!" ಸದರಿಯವರು ನಿರ್ದೇಶಕರೂ ಸೇರಿದಂತೆ ಮೂವರಿಗೂ ಸೋದರತ್ತೆ. ತಂದೆಯ ಅಕ್ಕನ ಮಾತಿಗೆ ಎದುರಾಡುವ ಅವಕಾಶ ನಮ್ಮ ಕುಟುಂಬಗಳಲ್ಲಿ ಇಲ್ಲ. ಸೇವಾ ನಿಯಮಗಳಲ್ಲಿಯೂ ಕಂಡುಬಂದಿಲ್ಲ.

7. ಭಾನುವಾರ ಯಾರೂ ದುಡಿಯತಕ್ಕದ್ದಲ್ಲವಾದ್ದರಿಂದ, ಅಂದು ಕಪ್ಪಾದ ಮಾನಿಟರನ್ನು ಕೆಟ್ಟಿದೆ ಎನ್ನದೆ ವಿಶ್ರಾಂತಿಯಲ್ಲಿದೆ ಎಂದು ನಮೂದಿಸತಕ್ಕದ್ದು.

8. ಕಪ್ಪು ವಹಿಯನ್ನು ಪರಿಶೀಲಿಸಲಾಗಿ, ಮಾನಿಟರ್ ದಿನಕ್ಕೆ ಎರಡು ಬಾರಿ, ಬೆಳಗಿನ ಮತ್ತು ಮಧ್ಯಾಹ್ನದ ಚಹಾ ಮುಗಿದ ಕೂಡಲೇ ಕಪ್ಪಾಗುವುದು ಕಂಡುಬಂದಿದೆ. ಬಿಸಿಲಿದ್ದರೆ ಬೇಗ, ಮಳೆಯಿದ್ದರೆ ತಡವಾಗಿ ಸರಿಹೋಗುತ್ತದೆ. ಸ್ಥಳ ತನಿಖೆಯ ವೇಳೆ ನಡುಹಾದಿಯ ಸದರಿ ಕೇಬಲಿನ ಮೇಲೆ ಲೋಟ ಒರೆಸುವ ಒದ್ದೆ ಬಟ್ಟೆ ಎರಡು, ನೆಲ ಒರೆಸುವ ಒದ್ದೆ ಬಟ್ಟೆ ಒಂದು ಕಂಡುಬಂದವು. ಇವುಗಳಿಗೂ ದೋಷಕ್ಕೂ ಸಂಬಂಧವಿರಲಾರದೆಂದು ತನಿಖಾ ಸಮಿತಿಯು ತಲೆ ತಗ್ಗಿಸಿಕೊಂಡು, ಒಮ್ಮತದಿಂದ ತೀರ್ಮಾನಿಸಿದೆ.

9. ನೋಟೀಸಿಗೆ ಲೋಸಲಿನೆಯವರು ನೀಡಿದ ಉತ್ತರ ಯಥಾವತ್ತಾಗಿ: "ಕಾರ್ಡು ಎರಡೂ ಚೆನ್ನಾಗೇ ಇವೆ ಸಾರ್. ಟೀ ಆದ್ಮೇಲೇ ಕಪ್ಪಾಗೋದು. ಯಾಕೆ ಅಂತ ನನ್ನ ಬಾಯಿಂದ ಹೇಳಿಸ್ಬೇಡಿ. ಹೊರದ್ವೀಪಕ್ಕೆ ಬೇಕಾದ್ರೆ ಹೋಗ್ತೀನಿ, ದೊಡ್ಡವರ ಹೆಸರು ಮಾತ್ರ ಎತ್ತಲ್ಲ." ಈ ಉತ್ತರ ಅಸ್ಪಷ್ಟವಾಗಿದ್ದು, ಒಪ್ಪತಕ್ಕದ್ದಲ್ಲ.

10. ಮೇಲ್ಕಂಡ ಒಂಬತ್ತು ಅಂಶಗಳನ್ನು ಇಂದು ಸಿಬ್ಬಂದಿ ಸಭೆಯಲ್ಲಿ ಓದುತ್ತಿದ್ದಾಗ ಶ್ರೀಮತಿ ಮೆಲೆನೈತೆಯವರು ಮಧ್ಯಾಹ್ನದ ಚಹಾ ತಂದರು. ಎಂಟನೆಯ ಅಂಶದಲ್ಲಿ ನಿಂತರು. ಒಂಬತ್ತನೆಯದರಲ್ಲಿ ತಟ್ಟೆ ಕೆಳಗಿಟ್ಟರು. ನಂತರ ಅವರು ಹೇಳಿದ್ದು: "ಅಯ್ಯೋ ನಿಮ್ಮ ಮುಖ ಮುಚ್ಚ! ಆ ಕರೀ ಹಗ್ಗ ಕಂಪ್ಯೂಟರ್ದಾ? ನನಗೆ ಬಟ್ಟೆ ಒಣಗಿಸೋಕೆ ಅಂತ ಕಟ್ಟಿಸಿದ್ದೀರ ಅಂದ್ಕೊಂಡು ಎಷ್ಟು ಹರಸಿದ್ದೆ! ಈ ಹುಡುಗಿ ನನಗೋಸ್ಕರ ಬೈಸ್ಕೊಂಡು ಕೂತಿದಾಳೆ, ನಿಮಗ್ಯಾರಿಗೂ ನಾಲಿಗೆ ಇರ್ಲಿಲ್ವಾ? ವಿಲಿಸೋನಿ, ಬರಿ. ಅವಳ ಕೆಲಸ ಖಾಯಂ ಅಂತ ಬರಿ. ಶುಕ್ರವಾರ ಅಲ್ಲ, ಇವತ್ತೇ. ಬರ್ದಾದ್ಮೇಲೆ ಟೀ."

11. ಬಟ್ಟೆಗಳನ್ನು ತೆಗೆಯಲಾಗಿ ಅವುಗಳ ಭಾರಕ್ಕೆ ಕೇಬಲಿನ ತುದಿ ಈ ಬಾರಿ ಕಾರ್ಡಿನಿಂದ ಪೂರ್ತಿ ಜಾರಿರುವುದು ಕಂಡುಬಂತು. ಅತ್ತೆಯವರೇ ಬಗ್ಗಿ ಒತ್ತಿದರು. ನಾಲ್ಕನೆಯ ಮಾನಿಟರ್ ಬೆಳಗಿತು. ಆಚೆ ಕೋಣೆಯಲ್ಲಿ ಲೋಸಲಿನೆಯವರು ಅತ್ತ ಸದ್ದು ಕೇಳಿಸಿತು. ಶ್ರೀ ಸಿಯೋಸಿಫಾ ಕೆಮ್ಮಿದರು. ಬಾಣವು ಆ ಹೊತ್ತಿನಲ್ಲಿ ಅಂಚಿನ ಬಳಿ ಇರಲಿಲ್ಲವೆಂದು ದಾಖಲಿಸಲಾಗಿದೆ.

12. ಆದ್ದರಿಂದ ಕುಮಾರಿ ಲೋಸಲಿನೆಯವರ ನೇಮಕವನ್ನು ಇಂದಿನಿಂದಲೇ ಖಾಯಂಗೊಳಿಸಿ ಆದೇಶಿಸಲಾಗಿದೆ. ನೋಟೀಸನ್ನು ಹಿಂಪಡೆಯಲಾಗಿದೆ.

13. ಬಟ್ಟೆ ಒಣಗಿಸುವ ಹಗ್ಗದ ಖರೀದಿಗೆ ಸಮಿತಿ ರಚಿಸಲಾಗಿದೆ. ಅಲ್ಲಿಯವರೆಗೆ ಸದರಿ ಬಟ್ಟೆಗಳನ್ನು ಮೊದಲನೆಯ ಮಾನಿಟರಿನ ಕೇಬಲಿನ ಮೇಲೆ ಹರವಲು ಅತ್ತೆಯವರು ತೀರ್ಮಾನಿಸಿರುತ್ತಾರೆ. ಮೊದಲನೆಯ ಮಾನಿಟರ್ ಕಪ್ಪಾದಲ್ಲಿ ಅದನ್ನು ದೋಷವೆಂದು ಪರಿಗಣಿಸತಕ್ಕದ್ದಲ್ಲ.

(ಸಹಿ)
ವಿಲಿಸೋನಿ
ನಿರ್ದೇಶಕರು
(ಚಹಾ ಇನ್ನೂ ಬಂದಿಲ್ಲ)

ಪ್ರತಿಗಳು:
1. ಹಳೆಯ ಗ್ರಾಫಿಕ್ಸ್ ಕಾರ್ಡ್, ಹಿರಿತನದ ಮೇರೆಗೆ.
2. ಹೊಸ ಗ್ರಾಫಿಕ್ಸ್ ಕಾರ್ಡ್, ಮೇಲಿನದರ ಮುಖಾಂತರ.
3. ಚರ್ಚಿನ ಗಾಯಕರ ಮುಖ್ಯಸ್ಥರಿಗೆ, ಕ್ಷಮಾಪಣೆ ಮತ್ತು ಒಂದು ಸುಟ್ಟ ಹಂದಿಯೊಂದಿಗೆ.
4. ಕುಮಾರಿ ಲೋಸಲಿನೆ, ಖಾಯಂ ಆದೇಶದೊಂದಿಗೆ; ನಡುಹಾದಿಯ ಮೂಲಕ.
5. ಶ್ರೀಮತಿ ಮೆಲೆನೈತೆ: ಕೈ ಒದ್ದೆಯಿದ್ದುದರಿಂದ ಪ್ರತಿ ನೀಡಿಲ್ಲ. ಓದಿ ಹೇಳಲಾಯಿತು. ಎರಡು ಕಡೆ ತಿದ್ದಿಸಿ, ಒಪ್ಪಿಗೆ ಕೊಟ್ಟರು.